ಪತ್ರಿಕೆಯ ಧಣಿಯೊಡನೆ ಫ್ರೀಡಾಳ ಜಟಾಪಟಿ

ಅಮೆರಿಕದ ಮಿಲ್ವಾಕೀ ನಗರದ ಯಹೂದಿಗಳಲ್ಲಿ ಫ್ರೀಡಾ ಲುಬೆಟ್‌ಸ್ಕಿಯ ನಾಲಿಗೆಗೆ ಹೆದರದವರು ಕಡಿಮೆ. ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ತಲೆ ನರೆಸಿಕೊಂಡವಳು. ದೊಡ್ಡ ಮನುಷ್ಯರೆಲ್ಲ ಅಳುತ್ತಲೇ ಹುಟ್ಟಿದ್ದನ್ನು ಕಂಡಿದ್ದರಿಂದ ಯಾರ ಗತ್ತಿಗೂ ಸೊಪ್ಪು ಹಾಕುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಫೇಸ್‌ಬುಕ್ಕಿಗೆ ಬಂದಳು. ಅಲ್ಲಿ ಮಾರ್ವಿನ್ ಝೆಲಿಗ್ ಸಿಕ್ಕಿದ.

ಮಾರ್ವಿನ್ ಊರಿನ ಯಹೂದಿ ವಾರಪತ್ರಿಕೆಯ ಧಣಿ. ಅಪ್ಪ ಬಿಟ್ಟುಹೋದ ಪತ್ರಿಕೆ. ಅರ್ಧ ಜಾಹೀರಾತು, ಇನ್ನರ್ಧ ಮಾರ್ವಿನ್‌ನ ಫೋಟೊ. ಇಸ್ರೇಲಿನ ಮೇಲೆ ಅವನಿಗೆ ಪ್ರಾಣ. ಹೋದಾಗಲೆಲ್ಲ ಸಮುದ್ರದ ಕಡೆ ಕಿಟಕಿಯಿರುವ ಹೋಟೆಲಿನಿಂದ ಆ ದೇಶವನ್ನು ನೋಡಿ ಬರುತ್ತಿದ್ದ. ಒಂದು ದಿನ ಬರೆದ: "ಯುದ್ಧದ ಹೊತ್ತಲ್ಲಿ ಇಸ್ರೇಲ್ ಸರ್ಕಾರವನ್ನ ಟೀಕಿಸೋನು ಯಹೂದಿನೇ ಅಲ್ಲ."

ಫ್ರೀಡಾಳ ತಂಗಿ ಇಸ್ರೇಲಿನ ಅಷ್ಕೆಲೋನ್ ಊರಿನಲ್ಲಿದ್ದಳು. ಸೈರನ್ ಕೂಗಿದಾಗ ಮೆಟ್ಟಿಲ ಕೆಳಗೆ ಅವಿತು, ಹೊರಬಂದೊಡನೆ ಅಲ್ಲಿನ ಮಂತ್ರಿಗಳಿಗೆ ಹಿಡಿಶಾಪ ಹಾಕುವವಳು.

"ಹಾಗಾದ್ರೆ ನನ್ನ ತಂಗಿ ಯಾರು ಸ್ವಾಮಿ?" ಎಂದು ಫ್ರೀಡಾ ಕೇಳಿದಳು. "ರಾಕೆಟ್ ಅವಳ ತಲೆ ಮೇಲೆ, ದೇಶಭಕ್ತಿ ನಿಮ್ಮ ಸೋಫಾ ಮೇಲೆ!"

"ನಿಮ್ಮಂಥೋರಿಂದ್ಲೇ ನಮ್ಮ ವೈರಿಗಳಿಗೆ ಹಬ್ಬ," ಎಂದ ಮಾರ್ವಿನ್.

"ವೈರಿಗಳು ನಿಮ್ಮ ಪತ್ರಿಕೆ ಓದ್ತಾರಾ? ಪಾಪ, ನಮ್ಮೋರೇ ಓದಲ್ಲ."

ಊರೆಲ್ಲ ನಕ್ಕಿತು. "ಈ ಹೆಂಗಸು ಯಹೂದಿಯೇ ಅಲ್ಲ" ಎಂದು ಬರೆದು ಮಾರ್ವಿನ್ ಅವಳನ್ನು ಬ್ಲಾಕ್ ಮಾಡಿದ. ಫ್ರೀಡಾ ಹೊರಗೆ ನಕ್ಕಳು. ಒಳಗೆ ಆ ಮಾತು ಚುಚ್ಚುತ್ತಲೇ ಇತ್ತು. ಯಹೂದಿಗಳೆಂಬ ಒಂದೇ ಕಾರಣಕ್ಕೆ ಅವಳ ತಾತನ ಮನೆಯವರನ್ನೆಲ್ಲ ಕೊಂದಿದ್ದರು.

ಹಿಮ ಸುರಿದ ಒಂದು ಸಂಜೆ ಮಾರ್ವಿನ್ ತೀರಿಹೋದ ತಾಯಿಯ ವರ್ಷದ ಪ್ರಾರ್ಥನೆ ಹೇಳಲು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಬಂದ. ಹತ್ತು ಯಹೂದಿಗಳು ಕೂಡದೆ ಅದನ್ನು ಹೇಳುವಂತಿಲ್ಲ. ಆ ಸಿನಗಾಗ್‌ನಲ್ಲಿ ಹೆಂಗಸರೂ ಲೆಕ್ಕಕ್ಕಿದ್ದರು. ಬಂದವರು ಒಂಬತ್ತೇ. ಅಷ್ಟರಲ್ಲಿ ಬೂಟಿನ ಹಿಮ ಕೊಡವುತ್ತ ಫ್ರೀಡಾ ಒಳಬಂದಳು.

"ಸದ್ಯ! ಹತ್ತಾಯ್ತು," ಎಂದರು ಅಲ್ಲಿನ ಗುರು ರಬ್ಬಿ.

"ತಡೀರಿ ರಬ್ಬಿ, ಧಣಿಗಳನ್ನ ಕೇಳಿ. ನಾನು ಯಹೂದಿ ಹೌದೋ ಅಲ್ವೋ?"

ಮಾರ್ವಿನ್‌ನ ಕಿವಿ ಕೆಂಪಾಯಿತು. "ಫ್ರೀಡಾ, ಅದು ಫೇಸ್‌ಬುಕ್ ಮಾತು..."

"ಅಮ್ಮನ ಪ್ರಾರ್ಥನೆ ಆಗ್ಬೇಕೋ ಬೇಡ್ವೋ?"

"ಹೌದು. ಯಹೂದಿನೇ," ಎಂದ ನೆಲ ನೋಡುತ್ತ.

"ಗಟ್ಟಿಯಾಗಿ. ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ."

ಹೇಳಿದ. ಫ್ರೀಡಾ ಕುಳಿತಳು. ಪ್ರಾರ್ಥನೆಯ ನಡುವೆ ಅವನ ದನಿ ಒಡೆಯಿತು. ಅವಳ "ಆಮೆನ್" ಎಲ್ಲರಿಗಿಂತ ಗಟ್ಟಿಯಾಗಿತ್ತು. ಆ ತಾಯಿ ಒಳ್ಳೆಯ ಹೆಂಗಸು. ಮಗ ಹೀಗಾದರೆ ಅವಳೇನು ಮಾಡಿಯಾಳು?

ಮರುದಿನ ಬ್ಲಾಕ್ ಹೋಗಿತ್ತು. ಕ್ಷಮೆ ಮಾತ್ರ ಬರಲಿಲ್ಲ. ಕೇಳುವ ಆಸಾಮಿಯೂ ಅವನಲ್ಲ. ಆ ವಾರವೇ ಟೀಕಾಕಾರರನ್ನು 'ದಾರಿ ತಪ್ಪಿದ ಯಹೂದಿಗಳು' ಎಂದು ಬರೆದ.

"ನನಗೆ ಬಡ್ತಿ ಸಿಕ್ತು ಕಣೇ," ಎಂದು ಫ್ರೀಡಾ ತಂಗಿಗೆ ಫೋನಿನಲ್ಲಿ ಹೇಳಿ, ಅವನಿಗೆ ಉತ್ತರ ಬರೆಯಲು ಕುಳಿತಳು.