ಹಿಂದಿನ ಸೀಟಿನ ಉಸ್ತಾದರು

ಉಸ್ತಾದರ ಬಲ ಅಂಗೈಯ ನಡುವೆ ಅರ್ಧ ಚಂದ್ರನಂಥ ಗಾಯದ ಗುರುತೊಂದಿತ್ತು. ಹಳೆಯ ಬೈಕಿನ ಸ್ಪ್ರಿಂಗು ಬಿಚ್ಚುವಾಗ ಅದು ಕೈಜಾರಿ ಹಾರಿ ಅಲ್ಲಿ ಕಚ್ಚಿತ್ತಂತೆ. ಯಾರ ಗಾಡಿ ಬಂದರೂ ಅವರು ಮೊದಲು ಆ ಅಂಗೈಯನ್ನು ಹಿಂದಿನ ಸೀಟಿನ ಮೇಲೆ ಊರುತ್ತಿದ್ದರು. ಒಮ್ಮೆ ಮೈಭಾರ ಹಾಕಿ ಒತ್ತುವುದು, ಆಮೇಲೆ ಕೈ ತೆಗೆಯದೆ ಬರೀ ಭಾರ ಬಿಡುವುದು. ಸೀಟು ಮೇಲೆದ್ದು ಬರುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತಿದ್ದರು.

"ಇದು ನೋಡು ನನ್ನ ಸರ್ಟಿಫಿಕೇಟು," ಎಂದು ಮೊದಲ ದಿನವೇ ನನಗೆ ಅಂಗೈ ತೋರಿಸಿದ್ದರು. "ನೀನೂ ನನ್ನಂಗ ಸಾಲಿ ಬಿಟ್ಟಂವ ಅಂತಿ. ನಿಂದೆಲ್ಲದ, ತೋರಿಸು."

ನಾನು ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿದೆ. ಇಪ್ಪತ್ತು ವರ್ಷ ನೆಲಕ್ಕೆ ಊರಿ ಊರಿ ಕಪ್ಪಗೆ ಜಡ್ಡುಗಟ್ಟಿದ ಮೊಣಕಾಲು. ಅವರು ಬಗ್ಗಿ ನೋಡಿ, "ಪಾಸ್," ಎಂದರು.

ನಾನು ಮಾನ್ವಿಯವನು. ಏಳನೇ ತರಗತಿಗೆ ಶಾಲೆ ಬಿಟ್ಟು ನೆಲಹಾಸಿನ ಕೆಲಸಕ್ಕೆ ಬಿದ್ದೆ. ರಾಯಚೂರಿನ ಬಂಗಲೆಗಳಿಂದ ಹಿಡಿದು ದೇವದುರ್ಗದ ಅಂಗಡಿ, ಯಾಪಲದಿನ್ನಿಯ ಮನೆಗಳವರೆಗೆ ನಾನು ಕಲ್ಲು ಹಾಸಿದ ನೆಲಗಳಿವೆ. ನನ್ನ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ದುಡಿದು ಕಲಿತದ್ದು. ಆ ದುಡಿಮೆಯಲ್ಲೇ ದೂರ ಓಡುವಂಥ ಒಂದು ದೊಡ್ಡ ಬೈಕು ತೆಗೆದುಕೊಂಡಿದ್ದೆ. ವರ್ಷಕ್ಕೊಮ್ಮೆ ಕೆಲಸ ಬಿಡುವಾದಾಗ ನಾನು ಮುಂದೆ, ಹೆಂಡತಿ ಹಿಂದೆ. ಹಂಪಿ, ಬದಾಮಿ, ಶ್ರೀಶೈಲ ಎಲ್ಲ ಹಾಗೇ ನೋಡಿದ್ದು. ಅವಳು ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಹೊಸ ಊರಿಗೆ ಹೋದರೆ ಗುಡಿಗಿಂತ ಮೊದಲು ಅಲ್ಲಿಯ ಹೆಂಗಸರ ಕುಪ್ಪಸದ ತೋಳು ನೋಡುತ್ತಾಳೆ. ಮುಂದಿನ ಸಲ ಸಮುದ್ರ ಎಂದು ಮಾತಾಗಿತ್ತು. ಅವಳು ಸಮುದ್ರ ನೋಡಿರಲಿಲ್ಲ.

ಅಷ್ಟರಲ್ಲಿ ಅವಳ ಟೊಂಕದ ಎಲುಬಿನ ನಡುವಿನ ಒಂದು ಬಿಲ್ಲೆ ಜರುಗಿತು. ಮೂರು ತಿಂಗಳು ಚಾಪೆ ಹಿಡಿದಳು. ಎದ್ದ ಮೇಲೆ ಡಾಕ್ಟರು, "ಬೈಕ್ ಮ್ಯಾಲ ಕೂಡಬಹುದು, ಆದ್ರ ಜಟಕಿ ಬೀಳಬಾರದು," ಎಂದರು. ನಮ್ಮ ಕಡೆ ರಸ್ತೆಯಲ್ಲಿ ಮೈ ಕುಲುಕದಂತೆ ಹೋಗುವುದು ಹೇಗೆ? ನಾನು ಫೋನಿನಲ್ಲಿ ಹುಡುಕಿ ಹುಡುಕಿ ದುಬಾರಿ ಶಾಕ್ ಅಬ್ಸಾರ್ಬರ್ ಜೋಡಿ ತರಿಸಿದೆ. ಪಕ್ಕದಲ್ಲಿ ಗ್ಯಾಸಿನ ಸಣ್ಣ ಡಬ್ಬಿ ಇರುವಂಥವು. ಪಾನ, ಅಂದರೆ ಸ್ಪ್ಯಾನರು, ಹಿಡಿಯಲು ನನಗೂ ಬರುತ್ತದೆ, ಯಾರ ಹಂಗು ಯಾಕೆ ಎಂದು ನಾನೇ ಕೂರಿಸಿದೆ. ಸ್ಪ್ರಿಂಗಿನ ಬಿಗಿಯನ್ನು ಕೊನೆಯ ಹಲ್ಲಿನವರೆಗೆ ತಿರುಗಿಸಿಟ್ಟೆ. ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಲೆಕ್ಕ. ಅರ್ಧ ಚೀಲ ಸಿಮೆಂಟು ಹಿಂದಿನ ಸೀಟಿಗೆ ಕಟ್ಟಿ ಮಾನ್ವಿ ಸುತ್ತಿಬಂದೆ. ಗಾಡಿ ಚೂರೂ ಕುಗ್ಗಲಿಲ್ಲ. ನನಗೆ ಹಿಗ್ಗು.

ಮರುದಿನ ಅವಳನ್ನು ಕೂರಿಸಿಕೊಂಡು ರಾಯಚೂರಿಗೆ ಹೊರಟೆ. ಕಲ್ಲೂರು ದಾಟುವ ಮೊದಲೇ ಅವಳು ಭುಜ ತಟ್ಟಿ ನಿಲ್ಲಿಸಿದಳು. ಕೆಳಗಿಳಿದು ಬೇವಿನ ಮರ ಹಿಡಿದು ನಿಂತಳು. ಟೊಂಕದ ನೋವಿಗೆ ಮುಖ ಬಿಳಿಚಿತ್ತು.

"ಹೊಸಾವು ಹಾಕೀನಲ್ಲ. ನೀ ಹೆದರಿ ಬಿಗಿ ಹಿಡಿತಿ, ಅದಕ ಬ್ಯಾನಿ," ಎಂದೆ.

"ನೀವು ಹೋಗ್ರಿ. ನಾ ಬಸ್ಸಿಗೆ ಬರ್ತೀನಿ," ಎಂದಳು.

ಬಸ್ಸಿನ ಹಿಂದೆ ಖಾಲಿ ಸೀಟು ಇಟ್ಟುಕೊಂಡು ಗಾಡಿ ಓಡಿಸುವುದು ಎಂಥ ಅವಮಾನ ಎಂಬುದು ಅವತ್ತು ಗೊತ್ತಾಯಿತು. ಸಾಮಾನಿನಲ್ಲೇ ದೋಷವಿರಬೇಕು ಎಂದು ರೇಗಿ, ಯಾರೋ ಹೇಳಿದ್ದು ನೆನಪಾಗಿ, ಎರಡು ದಿನ ಬಿಟ್ಟು ಉಸ್ತಾದರ ಅಂಗಡಿ ಹುಡುಕಿಕೊಂಡು ಹೋದೆ. ರಾಯಚೂರಿನ ತೀನ್ ಖಂದೀಲ್ ಚೌಕದಿಂದ ಒಳಗೆ ತಿರುಗಿದರೆ ಒಂದು ಗಲ್ಲಿ. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಹಸಿರು ಪರದೆ. ಬೋರ್ಡಿರಲಿಲ್ಲ. ಬಾಗಿಲಿಗೆ ಟಾಂಗಾದ ಹಳೆಯ ಕಮಾನು ಪಟ್ಟಿ, ಆ ಕಾಲದ ಸ್ಪ್ರಿಂಗು, ತೂಗುಹಾಕಿದ್ದರು. ಅವರ ತಂದೆ ಸ್ಟೇಷನ್ ಟಾಂಗಾಗಳಿಗೆ ಕಮಾನು ಬಡಿದುಕೊಡುತ್ತಿದ್ದರಂತೆ.

ಅಂಗೈ, ಮೊಣಕಾಲಿನ ಪರೀಕ್ಷೆ ಮುಗಿದ ಮೇಲೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಸಿಮೆಂಟು ಚೀಲದ ಮಾತು ಬಂದಾಗ ಅವರು ಬಾಯಲ್ಲಿದ್ದ ಎಲೆಯಡಿಕೆ ಜಗಿಯುವುದು ನಿಲ್ಲಿಸಿದರು.

"ಸಿಮೆಂಟ್ ಚೀಲಕ್ಕ ಟೊಂಕ ಎಲ್ಲದ ಮೇಸ್ತ್ರಿ?"

ಅವರು ಕೈ ಚಾಚಿದರು.

"ಕೀಲಿ ಕೊಡಿಲ್ಲಿ. ಹಿಂದ ಕುಂದ್ರು."

ನನ್ನ ಗಾಡಿಯ ಹಿಂದಿನ ಸೀಟಿನ ಮೇಲೆ ನಾನು ಒಮ್ಮೆಯೂ ಕೂತವನಲ್ಲ. ಅವರು ಲುಂಗಿ ಮಡಚಿ ಕಟ್ಟಿ ಮುಂದೆ ಕೂತು, ಹತ್ತಿ ಮಾರುಕಟ್ಟೆಯ ಹಿಂದಿನ ರಸ್ತೆಗೆ ಒಯ್ದರು. ಲಾರಿ ಓಡಾಡಿ ಕಿತ್ತುಹೋದ ರಸ್ತೆ ಅದು. ಮೊದಲ ಗುಂಡಿಗೆ ಬೆನ್ನುಹುರಿಯೊಳಗೆ ಯಾರೋ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದಂತಾಯಿತು. ಹಲ್ಲು ಹಲ್ಲಿಗೆ ಬಡಿಯಿತು.

"ಹೆಂಗದ?" ಎಂದರು.

"ಚಲೋ ಅದರಿ."

ಅವರು ಗಾಡಿ ಹೊರಳಿಸಿ ಅದೇ ಗುಂಡಿಗೆ ಮತ್ತೆ ಇಳಿಸಿದರು. "ಈಗ?"

"ತಡ್ಕೋಬಹುದ್ರಿ."

ಮತ್ತೆ ಹೊರಳಿಸಿದರು. ಮೂರನೆಯ ಸಲಕ್ಕೆ ನಾನು ಅವರ ಅಂಗಿ ಹಿಡಿದುಕೊಂಡೆ. "ಸಾಕ್ರಿ ಉಸ್ತಾದ್. ನಂದು ತಪ್ಪಾತು."

ಗಾಡಿ ನಿಂತಿತು. ಅವರು ಹಿಂದಕ್ಕೆ ತಿರುಗದೆಯೇ ಹೇಳಿದರು: "ನನಗ್ಯಾಕ ಹೇಳ್ತಿ? ಮನಿಗೆ ಹೋಗಿ ಹೇಳು. ನೋಡು, ಹ್ಯಾಂಡಲ್ ಹಿಡಿದಂವಗ ಗುಂಡಿ ಮೊದಲಽ ಕಾಣ್ತದ. ಕಾಲು ಊರಿ ಅರ್ಧ ಎದ್ದಬಿಡ್ತಾನ. ಹಿಂದ ಕುಂತೋರಿಗೆ ಗುಂಡಿ ಬಂದ ಮ್ಯಾಲೇ ಗೊತ್ತು. ನಮ್ಮ ಅಬ್ಬಾನ ಟಾಂಗಾದಾಗೂ ಹಂಗಽ ಇತ್ತು. ಹಿಂದಿನೋರು ಹಿಂದಕ್ಕ ಮುಖ ಮಾಡಿ ಕುಂದರ್ತಿದ್ರು. ಕಮಾನು ಬಡಿದ ಮ್ಯಾಲ ಅಬ್ಬಾ ಮುಂದ ಕುಂತು ನೋಡ್ತಿದ್ದಿಲ್ಲ, ಹಿಂದ ಕುಂತು ನೋಡ್ತಿದ್ರು."

"ಗಟ್ಟಿ ಇದ್ರ ಚಲೋ ಅಂತ ಮಾಡಿದೆರಿ."

"ನೀ ನೆಲಾ ಹಾಸಂವ. ನಿನ್ನ ಕಲ್ಲು ಅಲುಗಿದ್ರ ತಪ್ಪು. ಇದು ಅಲುಗದಿದ್ರ ತಪ್ಪು. ನಾಳಿ ಆಕೀನ್ನ ಕರಕೊಂಡು ಬಾ. ಬಸ್ಸಿಗೆ ಬರ್ಲಿ. ನೀವು ಊರಿಗೆ ಹೋಗುವಾಗ ಏನೇನು ಹೊರತೀರಿ, ಅದೆಲ್ಲಾ ತಗೊಂಡು ಬರ್ರಿ. ಹಿಂದ ಕುಂದ್ರೋರಿಲ್ಲದ ನಾ ಪಾನ ಹಿಡಿಯಂಗಿಲ್ಲ."

ಮನೆಗೆ ಬಂದು ಅವಳ ಹೊಲಿಗೆ ಯಂತ್ರದ ಪಕ್ಕ ಕೂತು ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ಮೂರು ಸಲ ಇಳಿಸಿದ್ರಾ?" ಎಂದು ಕೇಳಿದಳು. "ಹ್ಞೂಂ" ಎಂದೆ. "ಅವರ ಅಂಗಡಿ ನೋಡಬೇಕು," ಎಂದು ನಕ್ಕಳು.

ಮರುದಿನ ರೊಟ್ಟಿಯ ಗಂಟು, ನೀರಿನ ಬಾಟಲಿ, ಬಟ್ಟೆಯ ಬ್ಯಾಗು ಸಮೇತ ಅಂಗಡಿಗೆ ಹೋದೆವು. ಉಸ್ತಾದರು ಅವಳಿಗೆ ಕುರ್ಚಿ ಹಾಕಿ, ಪರದೆಯತ್ತ ತಿರುಗಿ, "ಚಾ ಲಾನಾ ಜೀ," ಎಂದು ಕೂಗಿದರು. ಅವರ ಹೆಂಡತಿ ಚಹಾ ತಂದು ಅಲ್ಲೇ ಅವಳ ಪಕ್ಕ ಕೂತರು. ಆಮೇಲೆ ಪ್ರಶ್ನೆಗಳು. ಒಂದೂ ನನಗಲ್ಲ.

"ಯವ್ವಾ, ಬ್ಯಾನಿ ಗುಂಡಿಯಾಗ ಇಳಿಯುವಾಗ ಬರ್ತದೋ, ಎದ್ದು ಬರುವಾಗೋ?"

ಅವಳು ಯೋಚಿಸಿ, "ಇಳಿಯುವಾಗೂ ಅದರಿ. ಎದ್ದು ಬರುವಾಗ ಒದ್ದಂಗ ಆಗ್ತದ, ಅದು ಜಾಸ್ತಿ," ಎಂದಳು.

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಉಸ್ತಾದರು ತಲೆಯಾಡಿಸಿದರು. "ಕೆಳಗ ಹೋಗೂದಕ್ಕ ಸ್ಪ್ರಿಂಗು. ವಾಪಸಿಗೆ ಒಳಗಿನ ಎಣ್ಣಿ. ಸ್ಪ್ರಿಂಗು ಅತಿ ಬಿಗಿ ಮಾಡಿ ಇಂವ ಎರಡನ್ನೂ ಕೆಡಿಸ್ಯಾನ."

ಗಾಡಿಯನ್ನು ನಡು ಸ್ಟ್ಯಾಂಡಿಗೆ ಎತ್ತಿ, ಹಿಂದಿನ ಗಾಲಿಯ ಅಚ್ಚಿನಿಂದ ನೇರ ಮೇಲೆ, ಹಿಂಬದಿಯ ಕಬ್ಬಿಣದ ಹಿಡಿಕೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಟೇಪಿನಿಂದ ಅಳೆದರು. ಆಮೇಲೆ ಗಾಡಿ ಕೆಳಗಿಳಿಸಿ, ನಮ್ಮಿಬ್ಬರನ್ನೂ ಗಂಟು ಬ್ಯಾಗು ಸಮೇತ ಹತ್ತಿಸಿ ಮತ್ತೆ ಅಳೆದರು. ಗಲ್ಲಿಯ ಮಂದಿ ನಿಂತು ನೋಡುತ್ತಿದ್ದರು. ಒಬ್ಬ ಮುದುಕ, "ಎಲ್ಲಿಗೆ ಹೊಂಟೀರಿ?" ಎಂದ. "ಇಲ್ಲೇ ಅದೀವ್ರಿ," ಎಂದಳು ನನ್ನ ಹೆಂಡತಿ. ಇಬ್ಬರು ಕೂತರೂ ಗಾಡಿ ಕುಗ್ಗಿದ್ದು ಒಂದು ಬೆರಳಿನಷ್ಟು ಮಾತ್ರ. ಎರಡು ಬೆರಳಿಗಿಂತ ತುಸು ಹೆಚ್ಚು ಕುಗ್ಗಬೇಕಂತೆ.

ನಾನು ತರಿಸಿದ ಸ್ಪ್ರಿಂಗು ನಮ್ಮಿಬ್ಬರ ತೂಕಕ್ಕೆ ಗಟ್ಟಿಯಾಗಿತ್ತು. ಅವರು ತಮ್ಮ ಪೆಟ್ಟಿಗೆಯಿಂದ ಮೆತ್ತನೆಯ ಜೋಡಿ ತೆಗೆದು ಹಾಕಿದರು. ಬಿಗಿ ಇಳಿಸಿದರು. ವಾಪಸಿಯ ವೇಗ ತಡೆಯುವ ತಿರುಪನ್ನು ಒಂದೊಂದೇ ಟಕ್ಕಿನಷ್ಟು ತಿರುಗಿಸಿ, ಪ್ರತಿ ಸಲ ಗಲ್ಲಿಯ ತುದಿಯ ಚರಂಡಿ ಕಲ್ಲಿನ ಮೇಲೆ ಮೆಲ್ಲಗೆ ಹಾಯಿಸಿಕೊಂಡು ಬರಲು ನಮಗೆ ಹೇಳಿದರು. ನಾಲ್ಕನೆಯ ಸಲ ಅವಳು, "ಈಗ ಒದಿಯಂಗಿಲ್ಲ," ಎಂದಳು. ಐದನೆಯ ಸಲ, "ಈಗ ತೇಲಾಡ್ತದ," ಎಂದಳು. ಅವರು ಒಂದು ಟಕ್ಕು ಹಿಂದಕ್ಕೆ ತಿರುಗಿಸಿ ಪಾನ ಕೆಳಗಿಟ್ಟರು.

"ಹೊಳಿ ದಂಡಿ ಮ್ಯಾಲಿನ ಗೂಗಲ್ ಊರಿಗೆ ಹೋಗಿ ಬರ್ರಿ," ಎಂದರು. "ದೇವದುರ್ಗದಿಂದ ಆಕಡಿ ರಸ್ತಾ ಎಲ್ಲಾ ಥರದ್ದೂ ಅದ. ಅದು ದಾಟಿದ್ರ ಯಾವ ಊರಾದ್ರೂ ದಾಟ್ತದ."

ಹೊರಡುವ ಮುಂಜಾನೆ ಅವಳು ಒಂದು ಕರಾರು ಹಾಕಿದಳು. "ಇದೊಂದು ಸಲ. ಬ್ಯಾನಿ ಬಂದ್ರ ದೇವದುರ್ಗ ಬಸ್‌ಸ್ಟ್ಯಾಂಡಿಗೆ ಇಳೀತೀನಿ. ಆಮ್ಯಾಲ ಗಾಡಿ ಮಾತು ಎತ್ತಬಾರದು. ಸಮುದ್ರದ್ದೂ ಎತ್ತಬಾರದು." ಒಪ್ಪಿದೆ. ಒಪ್ಪದೆ ದಾರಿಯಿರಲಿಲ್ಲ.

ಸಿರವಾರ ದಾಟುವವರೆಗೆ ಹಿಂದೆ ಏನಾಗುತ್ತಿದೆಯೋ ತಿಳಿಯದೆ ನಾನು ಪ್ರತಿ ಗುಂಡಿಗೂ ಉಸಿರು ಹಿಡಿಯುತ್ತಿದ್ದೆ. ಹಿಂದಿನ ಸೀಟಿನ ಬಗ್ಗೆ ಅಷ್ಟು ಯೋಚಿಸಿ ನಾನು ಯಾವತ್ತೂ ಗಾಡಿ ಓಡಿಸಿರಲಿಲ್ಲ. ದೇವದುರ್ಗ ಬಂತು. ಬಸ್‌ಸ್ಟ್ಯಾಂಡಿನ ಗೇಟಿನ ಎದುರು ಗಾಡಿ ನಿಧಾನ ಮಾಡಿ ಕಾಲು ಊರಿದೆ. ಬೆಂಗಳೂರಿಗೆ ದುಡಿಯಲು ಹೊರಟ ಮಂದಿ ಚೀಲಗಳ ಮೇಲೆ ಕೂತಿದ್ದರು. ನಾನು ಹಿಂದಕ್ಕೆ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ.

ಭುಜದ ಮೇಲೆ ಕೈ ಬಿತ್ತು. "ಯಾಕ ನಿಂದ್ರಿಸಿದ್ರಿ?"

"ನೀನಽ ಅಂದಿದ್ದೆಲ್ಲ..."

"ಬಿಸಿಲು ಏರಾಕತ್ತದ. ನಡೀರಿ."

ಗೂಗಲ್ಲಿನಲ್ಲಿ ಅಲ್ಲಮಪ್ರಭುವಿಗೆ ಕೈಮುಗಿದು, ಕೃಷ್ಣೆಯ ದಂಡೆಯಲ್ಲಿ ರೊಟ್ಟಿ ಬಿಚ್ಚಿ ಉಂಡೆವು. ಅವಳು ನೀರು ನೋಡುತ್ತ, "ಸಮುದ್ರ ಇದಕ್ಕಿಂತ ಎಷ್ಟು ದೊಡ್ಡದಿರ್ತದ?" ಎಂದಳು. ಆ ಚಳಿಗಾಲದಲ್ಲಿ ಗೋಕರ್ಣಕ್ಕೆ ಹೋಗಿ ನೋಡಿಕೊಂಡು ಬಂದೆವು. ಅಲ್ಲಿಂದ ಉಸ್ತಾದರ ಮನೆಗೆಂದು ಅವಳು ಒಂದು ಶಂಖ ತಂದಳು. ಅವರು ಅದನ್ನು ಕಿವಿಗಿಟ್ಟು, ಸೀಟು ಒತ್ತುವಾಗಿನಂತೆಯೇ ಕಣ್ಣು ಮುಚ್ಚಿ ಕೇಳಿದರು.

ಮುಂದಿನ ಬೇಸಿಗೆಯಲ್ಲಿ ಪರದೆಯ ಹಿಂದಿನ ಅವರ ಅಂಗಳಕ್ಕೆ ನಾನು ಕಲ್ಲು ಹಾಸಿದೆ. ಇಳಿಜಾರು ಎತ್ತ ಬಿಡಲಿ ಎಂದು ಕೇಳಿದಾಗ ಅವರು ಅಂಗಡಿಯಿಂದಲೇ ಕೈಬೀಸಿದರು. "ನನ್ನ ಕೇಳಬ್ಯಾಡ. ಅಲ್ಲಿ ನೀರು ಚೆಲ್ಲೋರನ್ನ ಕೇಳು." ಅವರ ಹೆಂಡತಿ ಅಮ್ಮನವರನ್ನು ಕರೆದೆ. ಅವರು ಕೊಡದಿಂದ ನೀರು ಚೆಲ್ಲಿ ತೋರಿಸಿದ ಕಡೆಗೇ ಇಳಿಜಾರು ಬಿಟ್ಟೆ. ಅವತ್ತಿನಿಂದ ನಾನು ಯಾವ ಮನೆಯ ನೆಲ ಮುಗಿಸಿದರೂ ಯಜಮಾನರಿಗೆ ಮೊದಲು ತೋರಿಸುವುದಿಲ್ಲ. ಮನೆಯ ಅಕ್ಕನಿಗೆ ಕಸಬರಿಗೆ ಕೊಟ್ಟು, "ಗುಡಿಸಿ ನೋಡ್ರಿ," ಎನ್ನುತ್ತೇನೆ. ಗೋಲಿ ಇಡುವುದನ್ನು ಬಿಟ್ಟಿದ್ದೇನೆ.

ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಉಸ್ತಾದರು ತೀರಿಕೊಂಡರು. ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾವಿಬ್ಬರೂ ಹೋದಾಗ ಅಮ್ಮನವರು ಅದೇ ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಳೆ ಸುರಿದು ಆಗಷ್ಟೇ ನಿಂತಿತ್ತು. "ನೋಡಪ್ಪಾ, ಒಂದು ಹನಿ ನಿಂತಿಲ್ಲ," ಎಂದು ನೆಲ ತೋರಿಸಿದರು. ನನ್ನ ಹೆಂಡತಿ ಅವರ ಪಕ್ಕ ಕೂತಳು.

ಈಗ ಗಾಡಿಯನ್ನು ರಿಪೇರಿಗೆ ಬೇರೊಂದು ಕಡೆ ಬಿಡುತ್ತೇನೆ. ಹಿಡಿಕೆಯ ಮೇಲಿನ ಸೀಮೆಸುಣ್ಣದ ಗೆರೆ ಅಳಿಸಿಹೋಗುವ ಮೊದಲೇ ನಾನು ಅದರ ಮೇಲೆ ಉಳಿಯಿಂದ ಸಣ್ಣಗೆ ಗೀರಿಟ್ಟಿದ್ದೆ. ಅಳತೆ ಅಲ್ಲಿಂದಲೇ ಆಗಬೇಕು. ಮೊನ್ನೆ ಹೊಸ ಮೆಕ್ಯಾನಿಕ್ಕು ಶಾಕ್ ಅಬ್ಸಾರ್ಬರಿನ ಎಣ್ಣೆ ಬದಲಿಸಿ, ಕೈ ಒರೆಸಿಕೊಳ್ಳುತ್ತ ಕೀಲಿ ಚಾಚಿದ. "ಓಡಿಸಿ ನೋಡ್ರಿ, ಹೆಂಗದ ಹೇಳ್ರಿ."

"ನೀವಽ ಓಡಿಸ್ರಿ," ಎಂದು ನಾನು ಹಿಂದಿನ ಸೀಟು ಹತ್ತಿ ಕೂತೆ. "ಮೊದಲು ನಾ ಇಲ್ಲಿ ಕುಂತು ನೋಡ್ತೀನಿ. ಆಮ್ಯಾಲ ಆಕಿ ಬರ್ತಾಳ, ಆಕೀನ್ನ ಕೇಳ್ರಿ."