ಮಳೆಯಲ್ಲಿ ಹತ್ತಿದ ಬೆಂಕಿ

ಮೊನ್ನೆ ಸಂಜೆ ಪಕ್ಕದ ಮನೆಯವರು ಸೊಳ್ಳೆ ಓಡಿಸಲೆಂದು ಕೆಂಡದ ಮೇಲೆ ಧೂಪದ ಮರದ ಅಂಟು ಉದುರಿಸಿದರು. ಹೊಗೆ ಬೇಲಿ ದಾಟಿ ನಮ್ಮ ಜಗಲಿಗೂ ಬಂತು. ಸೊಳ್ಳೆಗಳಿಗೆ ಅದರಿಂದ ಏನಾಯಿತೋ ತಿಳಿಯದು, ನಾನಂತೂ ಎದ್ದು ಒಳಗೆ ಹೋದೆ. ಹೆಂಡತಿ ನನ್ನ ಮುಖ ನೋಡಿ, "ಕಣ್ಣಿಗೇನಾಯಿತು?" ಎಂದು ಕೇಳಿದಳು. "ಹೊಗೆ" ಎಂದೆ. ಅವಳು ಕಿಟಕಿ ಮುಚ್ಚಿದಳು. ಆ ವಾಸನೆ ಮಾತ್ರ ಕಿಟಕಿ ಮುಚ್ಚಿದರೆ ಹೋಗುವಂಥದ್ದಲ್ಲ.

ಬೆಂಕಿಗೂ ನನಗೂ ಹುಟ್ಟಿನಿಂದಲೇ ಅಷ್ಟಕ್ಕಷ್ಟೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬೆಂಕಿ ಹೊತ್ತಿಸುವ ಪದ್ಧತಿಯೇ ಇರಲಿಲ್ಲ ಎಂದರೆ ನೀವು ನಗಬಹುದು. ಒಲೆಯ ಬೂದಿಯೊಳಗೆ ಕೆಂಡ ಸದಾ ಮಲಗಿರುತ್ತಿತ್ತು. ಅದು ಸತ್ತುಹೋದ ದಿನ ಅಮ್ಮ ತೆಂಗಿನ ಗೆರಟೆ ಹಿಡಿದು ಆಚೆ ಮನೆಗೆ ಹೋಗಿ ಒಂದು ಕೆಂಡ ಕೇಳಿ ತರುತ್ತಿದ್ದಳು. ಹೀಗೆ ಬೆಂಕಿಯೆಂಬುದು ಹೆಂಗಸರು ಒಬ್ಬರಿಂದೊಬ್ಬರು ತರುವ ಸಾಮಾನು ಎಂದುಕೊಂಡೇ ಬೆಳೆದವನು ನಾನು. ಮುಂದೆ ಮಾಷ್ಟ್ರಾಗಿ, ಬಾಡಿಗೆ ಕೋಣೆ ಹಿಡಿದು, ಸ್ವಂತ ಕೈಯಲ್ಲಿ ಕಾಫಿ ಕಾಯಿಸಬೇಕಾಗಿ ಬಂದಾಗ ಅರ್ಧ ಪೆಟ್ಟಿಗೆ ಕಡ್ಡಿ ಗೀರಿ, ಕಣ್ಣು ಮೂಗು ಒಂದು ಮಾಡಿಕೊಂಡು, ಕೊನೆಗೆ ಹೋಟೆಲಿಗೆ ಹೋಗಿ ಕುಡಿದು ಬರುತ್ತಿದ್ದೆ.

ಆ ಕೋಣೆ ಮೂಡಬಿದಿರೆಯಿಂದ ಪುತ್ತಿಗೆಗೆ ಹೋಗುವ ದಾರಿಯಲ್ಲಿತ್ತು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಲ್ಲಿ ನನ್ನ ಜೊತೆಗಾರನಾಗಿ ಬಂದವನು ಶೀನಪ್ಪ. ನಮ್ಮದೇ ಶಾಲೆಯ ವಿಜ್ಞಾನದ ಮಾಷ್ಟ್ರು, ಊರು ಬಂಟ್ವಾಳ. ಹೆಂಡತಿ ಗಿರಿಜಕ್ಕ ಅಲ್ಲಿನ ಮನೆಯಲ್ಲಿದ್ದರು. ಅವನು ಶನಿವಾರ ಬಸ್ಸು ಹತ್ತಿ ಹೋಗಿ ಸೋಮವಾರ ಬರುತ್ತಿದ್ದ. ಬಂದ ಮೊದಲ ದಿನವೇ ನಾನು ಒಲೆಯ ಮುಂದೆ ಕೂತು ಊದುವುದನ್ನು ನೋಡಿ, "ನೀನು ಬೆಂಕಿ ಹೊತ್ತಿಸುವುದಾ, ಆರಿಸುವುದಾ ಮಾರಾಯ?" ಎಂದು ಕೇಳಿದ. ಒಲೆಯೊಳಗಿನ ಸೌದೆಯನ್ನೆಲ್ಲ ಹೊರಗೆ ಎಳೆದು, ಕಡ್ಡಿಗಳನ್ನು ಗುಡಿಸಲಿನಂತೆ ಒಂದಕ್ಕೊಂದು ಆನಿಸಿ, ನಡುವೆ ತೆಂಗಿನ ಒಣ ಮಡಲಿನ ಚೂರಿಟ್ಟು, ಒಂದೇ ಕಡ್ಡಿ ಗೀರಿದ. ಆ ದಿನದಿಂದ ಕಾಫಿಯ ಕೆಲಸ ಅವನದಾಯಿತು, ಲೋಟ ತೊಳೆಯುವ ಕೆಲಸ ನನ್ನದಾಯಿತು.

ಶಾಲೆಯ ಸ್ಕೌಟ್ ಬಾಲಚರರ ದಳವನ್ನು ನೋಡಿಕೊಳ್ಳುತ್ತಿದ್ದವನೂ ಅವನೇ. ಗಂಟು ಹಾಕುವುದು, ಡೇರೆ ಕಟ್ಟುವುದು ಎಲ್ಲ ಬರುತ್ತಿತ್ತು, ಆದರೆ ಅವನ ಪ್ರಾಣ ಇದ್ದದ್ದು ಬೆಂಕಿಯಲ್ಲಿ. ಬೆಂಕಿ ಹುಟ್ಟಿಸುವ ಬಗೆಗಳನ್ನು ಹೇಳಲು ಕೂತರೆ ಊಟ ತಣ್ಣಗಾದರೂ ಎದ್ದೇಳುತ್ತಿರಲಿಲ್ಲ. ಒಣ ಬಿದಿರನ್ನು ಸೀಳಿ, ಇನ್ನೊಂದು ಬಿದಿರಿನಿಂದ ಗರಗಸದಂತೆ ಅಡ್ಡ ಉಜ್ಜುವುದು. ಬೆಣಚುಕಲ್ಲಿಗೆ ಉಕ್ಕಿನ ತುಂಡು ಬಡಿದು ಕಿಡಿ ಹಾರಿಸಿ, ಸುಟ್ಟು ಕಪ್ಪು ಮಾಡಿದ ಬಟ್ಟೆಯ ಚೂರಿನಲ್ಲಿ ಹಿಡಿಯುವುದು. ಬೈನೆ ಮರದ ಗರಿಯ ಬುಡದಲ್ಲಿ ಹತ್ತಿಯಂಥ ಜುಂಗು ಇರುತ್ತದಲ್ಲ, ಅದಕ್ಕೆ ಆ ಕಿಡಿಯನ್ನು ದಾಟಿಸುವುದು. ಗೇರುಬೀಜದ ಸಿಪ್ಪೆಯ ಎಣ್ಣೆ ಎಷ್ಟು ಚೆನ್ನಾಗಿ ಉರಿಯುತ್ತದೆ ಎಂದು ತೋರಿಸಲು ಹೋಗಿ ಒಮ್ಮೆ ಹುಬ್ಬು ಸುಟ್ಟುಕೊಂಡು ಬಂದಿದ್ದ.

ಒಂದು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಭೂತಗನ್ನಡಿಯಿಂದ ಕಾಗದ ಸುಡುತ್ತಿದ್ದವನು ನನ್ನ ಕನ್ನಡಕವನ್ನೂ ಕಿತ್ತುಕೊಂಡು ಬಿಸಿಲಿಗೆ ಹಿಡಿದ. ಎಷ್ಟು ಹೊತ್ತು ಹಿಡಿದರೂ ಕಾಗದ ಬೆಚ್ಚಗೂ ಆಗಲಿಲ್ಲ. ಸಮೀಪದೃಷ್ಟಿಯವರ ಗಾಜು ಬೆಳಕನ್ನು ಚದುರಿಸುತ್ತದಂತೆ. ಅದು ಅವನಿಗೆ ಮೊದಲೇ ಗೊತ್ತಿತ್ತು. ಮಕ್ಕಳ ಮುಂದೆ ನನ್ನನ್ನು ನಗೆಪಾಟಲು ಮಾಡಬೇಕಿತ್ತು ಅಷ್ಟೆ. "ಇವರ ಕನ್ನಡಕ ಸನ್ಯಾಸಿ ಮಕ್ಕಳೇ, ಇದರಿಂದ ಬೆಂಕಿ ಹುಟ್ಟುವುದಿಲ್ಲ" ಎಂದ. ನನಗೆ ಆಗಿನ್ನೂ ಮದುವೆ ಗೊತ್ತಾಗಿರಲಿಲ್ಲ. ಆ ಮಾತು ಒಂದು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಈ ಹುಚ್ಚು ಎಲ್ಲಿಂದ ಹತ್ತಿತೆಂದು ಕೇಳಿದ್ದೆ. ಬಂಟ್ವಾಳದಲ್ಲಿ ಅವರ ಮನೆ ಹೊಳೆಗೆ ತೀರ ಹತ್ತಿರ. ಮಳೆ ಬಿಡದೆ ಸುರಿಯುವ ಆಟಿಯ ತಿಂಗಳಲ್ಲಿ ನೇತ್ರಾವತಿ ಕೇಳದೆಯೇ ಅಡುಗೆಮನೆಗೆ ಬರುತ್ತಿದ್ದಳು. ಸಾಮಾನನ್ನೆಲ್ಲ ಅಟ್ಟಕ್ಕೇರಿಸಿ, ಅವಲಕ್ಕಿ ತಿಂದುಕೊಂಡು, ನೀರು ಇಳಿಯುವವರೆಗೆ ಕಾಯುವುದು. "ಇಳಿದ ಮೇಲೆ ಒಲೆಯಲ್ಲಿ ಕೆಸರು. ಸೌದೆ ಒದ್ದೆ. ಕೆಂಡ ಕೇಳುವ ಅಂದರೆ ಇಡೀ ಕೇರಿಯಲ್ಲಿ ಕೆಂಡ ಇಲ್ಲ. ನನ್ನ ಅಮ್ಮ ಆ ಒಲೆಯ ಮುಂದೆ ಕೂತು ಅಳುವುದನ್ನು ನೋಡಿದ್ದೇನೆ ಮಾರಾಯ. ಹಸಿವೆಗಲ್ಲ, ಬೆಂಕಿ ಹತ್ತುವುದಿಲ್ಲ ಅಂತ." ಮತ್ತೆ ನಾನು ಕೇಳಲಿಲ್ಲ.

ಆ ವರ್ಷ ನವರಾತ್ರಿಯ ರಜೆಯಲ್ಲಿ ದಳದ ಶಿಬಿರ. ಬೆಳ್ತಂಗಡಿಯಿಂದ ಮುಂದೆ, ಘಟ್ಟದ ಬುಡದಲ್ಲಿ, ತೊರೆಯ ದಂಡೆಯ ಒಂದು ಬಯಲಿನಲ್ಲಿ ಡೇರೆ ಹಾಕಿದೆವು. ದೊಡ್ಡವರೆಂದರೆ ಮೂವರು: ಶೀನಪ್ಪ, ನಾನು, ಮತ್ತು ಡ್ರಿಲ್ ಮಾಷ್ಟ್ರು ಲೋಕಯ್ಯ. ಲೋಕಯ್ಯನ ಕಂಠ ದೊಡ್ಡದು, ಮನಸ್ಸೂ ದೊಡ್ಡದು. ಶಿಬಿರದಲ್ಲಿ ಹಾಡಿಸುವ ಕೆಲಸ ಅವನದು. ಹಾಡುಗಳನ್ನು ಮಾತ್ರ ಶೀನಪ್ಪನೇ ಶಾಲೆಯಲ್ಲಿ ಎಲ್ಲರಿಗೂ ಕಲಿಸಿದ್ದ.

ಬೆಳಿಗ್ಗೆ ಗಂಜಿಯ ಹೊತ್ತಿನಲ್ಲಿ ಮಕ್ಕಳು ವಾದ ತೆಗೆದರು. ಮಳೆ ಬಂದರೆ ಶಿಬಿರಾಗ್ನಿ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ ಎಂದು. ಶೀನಪ್ಪ ತಟ್ಟೆ ಕೆಳಗಿಟ್ಟ. "ಯಾರು ಹೇಳಿದ್ದು? ಬರಲಿ ಮಳೆ. ಮಳೆಯಲ್ಲೇ ಹಾಕಿ ತೋರಿಸ್ತೇನೆ. ಹತ್ತಿದರೆ ನೀವು ಏನು ಕೊಡ್ತೀರಿ?" ಎಂದು ಕೇಳಿದ. "ಹಾಡ್ತೇವೆ ಸಾರ್!" ಎಂದು ಎಲ್ಲರೂ ಕೂಗಿದರು. ಲೋಕಯ್ಯ ಜೋರಾಗಿ ನಕ್ಕು, "ಕಾಫಿ ನನ್ನ ಲೆಕ್ಕ" ಎಂದ.

ಮಧ್ಯಾಹ್ನ ಊಟವಾದ ಮೇಲೆ ಒಣ ಸೌದೆ ಹುಡುಕಲೆಂದು ಶೀನಪ್ಪನೂ ನಾನೂ ತೊರೆ ದಾಟಿದೆವು. ನೀರು ಮೊಣಕಾಲಿನವರೆಗೂ ಇರಲಿಲ್ಲ. ಆಚೆ ದಡದಲ್ಲಿ ಒಂದು ಇಕ್ಕಟ್ಟಾದ ಜಾಗ, ಅದರ ಹಿಂದೆ ನೆಟ್ಟಗೆ ಏರುವ ಗುಡ್ಡ. ಒಂದು ದೊಡ್ಡ ಬಂಡೆ ಮನೆಯ ಮಾಡಿನಂತೆ ಮುಂದಕ್ಕೆ ಚಾಚಿಕೊಂಡಿತ್ತು. ನಾವು ಕಟ್ಟಿಗೆ ಆರಿಸುತ್ತಿದ್ದಂತೆ ಘಟ್ಟದ ಮೇಲೆ ಕಪ್ಪಾಯಿತು, ಗುಡುಗಿತು, ಮಳೆ ಸುರಿಯತೊಡಗಿತು. ಬಂಡೆಯ ಕೆಳಗೆ ಓಡಿ ನಿಂತು ನೋಡುತ್ತಿದ್ದಂತೆಯೇ ತೊರೆ ಕೆಂಪಾಗಿ, ಮರದ ಕೊಂಬೆಗಳನ್ನು ಹೊತ್ತುಕೊಂಡು ದಡದ ಮೇಲಕ್ಕೆ ಬಂತು. ನನಗೆ ಹೆದರಿಕೆಯಾಯಿತು. ಶೀನಪ್ಪನಿಗೆ ಖುಷಿಯಾಯಿತು. "ಮಳೆ ಬಂತಲ್ಲ! ಇಲ್ಲೇ ಹಾಕುವ, ಮಕ್ಕಳಿಗೆ ಅಲ್ಲಿಂದಲೇ ಕಾಣ್ತದೆ" ಎಂದು ಬಂಡೆಯ ಸಂದಿನೊಳಗೆ ಕೈಹಾಕಿ ಒಣ ತರಗೆಲೆ ಎಳೆಯತೊಡಗಿದ.

ಹಾವು ಕಚ್ಚಿದ್ದು ಆಗ. ಅವನು ಕೂಗಲಿಲ್ಲ. ಕೈ ಹೊರಗೆಳೆದು ಅಂಗೈಯ ಪಕ್ಕವನ್ನೇ ನೋಡಿದ. ದಪ್ಪನೆಯ ಮಂಡಲದ ಹಾವು ಎಲೆಗಳ ಮೇಲೆ ನಿಧಾನವಾಗಿ ಸರಿದು ಹೋದದ್ದನ್ನು ಇಬ್ಬರೂ ಕಂಡೆವು.

ನಾನು ಟವೆಲಿನಿಂದ ಅವನ ತೋಳು ಕಟ್ಟಿದೆ. ನೀರಿಗಿಳಿದೆ. ಸೊಂಟದವರೆಗೆ ಹೋಗುವಷ್ಟರಲ್ಲಿ ತೊರೆ ನನ್ನನ್ನು ಎತ್ತಿ ಹಿಂದಕ್ಕೆ ಬಂಡೆಗೆ ಬಡಿಯಿತು. ಕೂಗಿದೆ. ಎದುರಿನ ಬಯಲಿನಲ್ಲಿ ಡೇರೆಗಳು ಕಾಣುತ್ತಿದ್ದವು, ಡೇರೆಯಿಂದ ಡೇರೆಗೆ ಓಡುವ ಮಕ್ಕಳೂ ಮಸುಕಾಗಿ ಕಾಣುತ್ತಿದ್ದರು, ಆದರೆ ನೀರಿನ ಮೊರೆತದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

"ಕೂಗಬೇಡ. ಬೆಂಕಿ ಹಾಕು" ಎಂದ ಶೀನಪ್ಪ. ಆಗಲೇ ಅವನ ಕೈ ಊದಿಕೊಳ್ಳುತ್ತಿತ್ತು. "ಮೂರು ಹಾಕಬೇಕು. ಮೂರು ಬೆಂಕಿ ಅಂದರೆ ಆಪತ್ತು." ಸ್ವಲ್ಪ ತಡೆದು, "ಮಕ್ಕಳಿಗೆ ಅದನ್ನು ನಾಳೆ ಹೇಳಿಕೊಡುವ ಅಂತ ಇತ್ತು" ಎಂದ.

ಮೂರು! ಒಂದು ಹತ್ತಿಸಲು ಬಾರದವನಿಗೆ! ಜೇಬಿನ ಕಡ್ಡಿಪೆಟ್ಟಿಗೆ ನೆನೆದು ಮುದ್ದೆಯಾಗಿತ್ತು. ಬಿದಿರು ಉಜ್ಜಿದೆ, ಅಂಗೈ ಸುಲಿಯಿತೇ ಹೊರತು ಹೊಗೆ ಕೂಡ ಬರಲಿಲ್ಲ. ಶೀನಪ್ಪ ಬಂಡೆಗೊರಗಿ ಕೂತು, ಸೊಂಟದ ಚೀಲದಿಂದ ಬೆಣಚುಕಲ್ಲನ್ನೂ ಉಕ್ಕಿನ ತುಂಡನ್ನೂ ಹಳೆಯ ಮುಲಾಮಿನ ಡಬ್ಬಿಯನ್ನೂ ತೆಗೆದುಕೊಟ್ಟ. ಬಿಗಿ ಮುಚ್ಚಳದ ಆ ಡಬ್ಬಿಯೊಳಗೆ ಸುಟ್ಟ ಬಟ್ಟೆಯೂ ಚೂರು ಜುಂಗೂ ಒಣಗಿಯೇ ಇದ್ದವು. ಬಂಡೆಯ ಪಕ್ಕದಲ್ಲಿ ಒಂದು ಧೂಪದ ಮರ. ಅದರ ತೊಗಟೆಯಲ್ಲಿ ಗಟ್ಟಿಯಾಗಿದ್ದ ಅಂಟನ್ನು ಕಲ್ಲಿನಿಂದ ಕೆರೆದು ತಂದೆ. ಬಡಿದೆ, ಬಡಿದೆ. ಕಿಡಿ ಹಾರುತ್ತಿತ್ತು, ಬೀಳಬೇಕಾದಲ್ಲಿ ಬೀಳುತ್ತಿರಲಿಲ್ಲ. ಅವನ ವಸಡಿನಿಂದ ರಕ್ತ ಬರತೊಡಗಿತ್ತು. ಅದನ್ನು ಉಗುಳುತ್ತ, ತರಗತಿಯಲ್ಲಿ ಹೇಳುವಷ್ಟೇ ಸಮಾಧಾನದಿಂದ ಹೇಳುತ್ತಿದ್ದ: "ಕೈ ಸಡಿಲ ಬಿಡು. ಕಲ್ಲಿಗೆ ಬಡಿಯಬೇಡ, ಸವರು."

ಕಪ್ಪು ಬಟ್ಟೆಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಕೂತಿತು. ಅದನ್ನು ಜುಂಗಿನಲ್ಲಿ ಸುತ್ತಿ ಬಾಯಿಯ ಹತ್ತಿರ ತಂದೆ.

"ಊದಬೇಡ" ಎಂದ. "ಬರೇ ಉಸಿರು ಬಿಡು."

ಉಸಿರು ಬಿಟ್ಟೆ. ಜುಂಗು ಹೊಗೆಯಾಡಿತು, ಅಂಟು ಕರಗಿ ಹಿಡಿದುಕೊಂಡಿತು, ಅದೇ ಆ ವಾಸನೆ. ತರಗೆಲೆ, ಕಡ್ಡಿ, ಸೌದೆ, ಎಲ್ಲ ಒಂದರ ಹಿಂದೊಂದು ಹತ್ತಿದವು. ಬಂಡೆಯ ಕೆಳಗೆ ಆಳೆತ್ತರದ ಜ್ವಾಲೆ. ಇನ್ನೂ ಎರಡು ಹಾಕಲು ಒಣ ಕಟ್ಟಿಗೆ ಅಲ್ಲಿರಲಿಲ್ಲ. ಇದ್ದಿದ್ದರೂ ಅದರ ಅರ್ಥ ಆ ಕಡೆಯವರಿಗೆ ಗೊತ್ತಿರಲಿಲ್ಲ. ನಾನು ಬೆಂಕಿಯ ಮುಂದೆ ನಿಂತು ಎರಡೂ ಕೈ ಬೀಸಿದೆ.

ಅವರು ನೋಡಿದರು. ಡೇರೆಗಳಿಂದ ಹೊರಗೆ ಓಡಿ ಬಂದು ಮಳೆಯಲ್ಲೇ ನಿಂತರು. ಅವರೂ ಕೈ ಬೀಸಿದರು. ಕುಣಿದರು. ಲೋಕಯ್ಯ ಎಲ್ಲರನ್ನೂ ಸಾಲಾಗಿ ನಿಲ್ಲಿಸುವುದು ಕಂಡಿತು, ಅವನ ಕೈ ತಾಳ ಹಾಕುವುದು ಕಂಡಿತು. ಗಾಳಿ ಈ ಕಡೆಗೆ ತಿರುಗಿದಾಗ ಹಾಡು ಚೂರು ಚೂರಾಗಿ ಬಂತು. ಕೊಟ್ಟ ಮಾತಿನಂತೆ ಅವರು ಹಾಡುತ್ತಿದ್ದರು.

ನಾನು ಮತ್ತೂ ಕೈ ಬೀಸಿದೆ. ಅವರು ಮತ್ತೂ ಜೋರಾಗಿ ಹಾಡಿದರು.

"ಏನಂತೆ?" ಎಂದು ಕೇಳಿದ ಶೀನಪ್ಪ. ಅವನಿಗೆ ಕಣ್ಣು ಮಂಜಾಗಿತ್ತು.

"ನೋಡಿದ್ದಾರೆ. ಬರ್ತಾ ಇದ್ದಾರೆ. ಅದೇ ಕೂಗ್ತಾ ಇರುವುದು" ಎಂದೆ. ಅವನು ತಲೆಯಾಡಿಸಿ ಕಣ್ಣು ಮುಚ್ಚಿದ.

ಘಟ್ಟದ ತೊರೆ ಏರಿದಷ್ಟೇ ಬೇಗ ಇಳಿಯುತ್ತದೆ. ಕತ್ತಲಾಗುವ ಮೊದಲು ಲೋಕಯ್ಯ ದಾಟಿ ಬಂದ. ಒಂದು ಕೈಯಲ್ಲಿ ಕಾಫಿಯ ಕೆಟ್ಲು, ಇನ್ನೊಂದರಲ್ಲಿ ಲೋಟಗಳು. ದೂರದಿಂದಲೇ, "ಗೆದ್ದಿರಿ ಮಾಷ್ಟ್ರೇ, ಗೆದ್ದಿರಿ!" ಎನ್ನುತ್ತ ಬಂದ. ಹತ್ತಿರ ಬಂದು ನಿಂತ. ಕೆಟ್ಲನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದ.

ಡೇರೆಯ ಬಟ್ಟೆಯಲ್ಲಿ ಹೊತ್ತು ಬೆಳ್ತಂಗಡಿಗೆ ತಂದೆವು. ಅಲ್ಲಿನ ಡಾಕ್ಟರರು ಬೇಕಾದ ಔಷಧ ತಮ್ಮಲ್ಲಿಲ್ಲವೆಂದರು. ಲಾರಿಯಲ್ಲಿ ಮಂಗಳೂರಿಗೆ ಹೋದೆವು. ಅಲ್ಲಿ ಚುಚ್ಚಿದರು, ಆದರೆ ತಡವಾಗಿತ್ತು. ಮೂತ್ರಪಿಂಡ ಕೆಟ್ಟಿದೆ, ಮನೆಗೆ ಕೊಂಡುಹೋಗಿ ಎಂದು ಕೆಲವು ದಿನಗಳ ನಂತರ ಹೇಳಿದರು. ದೀಪಾವಳಿಗೆ ಮೊದಲೇ ಅವನು ಬಂಟ್ವಾಳದ ಮನೆಯಲ್ಲಿ ತೀರಿಕೊಂಡ.

ಉತ್ತರಕ್ರಿಯೆಯ ಬೊಜ್ಜದ ದಿನ ಗಿರಿಜಕ್ಕ ನನ್ನ ಮತ್ತು ಲೋಕಯ್ಯನ ಮುಂದೆ ಬಂದು ಕೂತರು. "ಬೆಂಕಿ ಹತ್ತಿತ್ತಾ?" ಎಂದು ಕೇಳಿದರು. "ಹತ್ತಿತ್ತು" ಎಂದೆ. "ಮತ್ತೆ ಯಾಕೆ ಯಾರೂ ಬರಲಿಲ್ಲ?"

ಅವರ ಅಣ್ಣನೇ, "ಮಳೆಗೆ ಯಾರಿಗೂ ಕಾಣಲಿಲ್ಲಂತೆ" ಎಂದರು. ಅವರಿಗೆ ಯಾರು ಹಾಗೆ ಹೇಳಿದ್ದರೋ. ಲೋಕಯ್ಯ ಎದ್ದು ಹೊಳೆಯ ಕಡೆಗೆ ಹೋದ. ಆಮೇಲೆ ಶಾಲೆಯಲ್ಲಿ ಅವನು ಮಕ್ಕಳಿಗೆ ಹಾಡಿಸಿದ್ದನ್ನು ನಾನು ಕೇಳಲಿಲ್ಲ. ಬೇಸಿಗೆಯಲ್ಲಿ ಕೆಲಸ ಬಿಟ್ಟು ಬೊಂಬಾಯಿಗೆ ಹೋದವನ ಸುದ್ದಿಯೇ ಇಲ್ಲ. ಆ ದಿನ ಹಾಡಿದ ಮಕ್ಕಳಲ್ಲಿ ಕೆಲವರು ಈಗಲೂ ಪೇಟೆಯಲ್ಲಿ ಸಿಗುತ್ತಾರೆ. ತಲೆ ನೆರೆತಿದೆ. ಅದನ್ನು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಮಳೆಯ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತೇವೆ.

ಇಷ್ಟೆಲ್ಲದರ ನಡುವೆ ನಾನು ಒಂದು ಸಮಾಧಾನವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅವರು ಬರುತ್ತಿದ್ದಾರೆ ಎಂಬ ನನ್ನ ಮಾತನ್ನು ಶೀನಪ್ಪ ನಂಬಿದ್ದ. ಅವನು ಕಲಿಸಿದ ಬೆಂಕಿ ಕೆಲಸ ಮಾಡಿತು ಎಂದುಕೊಂಡೇ ಹೋದ. ಬೇರೆಯವರಿಗೆ ಇದು ಸಣ್ಣದಾಗಿ ಕಾಣಬಹುದು. ನನಗೆ ನಿದ್ದೆ ಬರುತ್ತಿದ್ದದ್ದು ಅದರಿಂದ.

ಮೊನ್ನೆ ಆ ಹೊಗೆ ಕುಡಿದ ಮರುದಿನ ಬಂಟ್ವಾಳದ ಬಸ್ಸು ಹತ್ತಿದೆ. ಗಿರಿಜಕ್ಕ ತೀರ ಮುದುಕಿಯಾಗಿದ್ದಾರೆ. ಮಗಳ ಮನೆಯಲ್ಲಿದ್ದಾರೆ. ಬೆಲ್ಲ ನೀರು ತರಿಸಿ ಎದುರು ಕೂರಿಸಿಕೊಂಡರು. ಏನೇನೋ ಮಾತಾಡಿ, ಏಳುವ ಹೊತ್ತಿಗೆ ನಾನು, "ಆ ದಿನ ನೀವು ಒಂದು ಮಾತು ಕೇಳಿದ್ದಿರಿ" ಎಂದು ಶುರು ಮಾಡಿದೆ.

"ಮಕ್ಕಳು ಹಾಡಿದ್ದಲ್ಲವಾ?" ಎಂದರು. "ನನಗೆ ಆಗಲೇ ಗೊತ್ತುಂಟು."

"ಯಾರು ಹೇಳಿದ್ದು?"

"ಅವರೇ. ಆಸ್ಪತ್ರೆಯಿಂದ ತಂದ ದಿನ. ಒಳ್ಳೆ ಹತ್ತಿತು ಗಿರಿಜಾ, ಮಕ್ಕಳು ಹಾಡಿದರು ಅಂತ. ಯಾವ ಹಾಡು ಅಂತ ಕೂಡ ಹೇಳಿದರು."

ಆ ಹಾಡು ಕಲಿಸಿದವನೇ ಅವನು. ಗಾಳಿಯಲ್ಲಿ ಒಂದು ಚೂರು ಬಂದರೂ ಅವನಿಗೆ ಗುರುತು ಸಿಗದೇ ಇರುತ್ತದೆಯೇ? ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಒಮ್ಮೆಯೂ ಹೊಳೆಯಲಿಲ್ಲ.

"ಹಾಗೆ ಹೇಳುವಾಗ ನಗ್ತಾ ಇದ್ದನಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಗೊತ್ತಾಗಲಿಲ್ಲ. ಮುಖ ಎಲ್ಲ ಬಾತು ಹೋಗಿತ್ತಲ್ಲ. ನಗುವುದಾ ಅಳುವುದಾ ಗೊತ್ತಾಗಲಿಲ್ಲ. ಕೇಳುವ ಅಂತ ಇದ್ದೆ, ಅಷ್ಟರಲ್ಲಿ ಗೋಡೆಗೆ ತಿರುಗಿದರು."

"ಮತ್ತೆ ನಮ್ಮನ್ನು ಯಾಕೆ ಕೇಳಿದಿರಿ, ಯಾರೂ ಬರಲಿಲ್ಲ ಯಾಕೆ ಅಂತ?"

"ಯಾರಾದರೂ ಬೇರೆ ಏನಾದರೂ ಹೇಳ್ತಾರೋ ಅಂತ" ಎಂದರು.

ಹಿಂತಿರುಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಪರಿಚಯದವರೇನಲ್ಲ. ಸ್ವಲ್ಪ ದೂರ ಬಂದ ಮೇಲೆ ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ನನ್ನ ಕಡೆಗೆ ಬಾಗಿ, "ಯಾರಾದರೂ ಹೋದರಾ?" ಎಂದು ಮೆಲ್ಲಗೆ ಕೇಳಿದರು.

"ಹೌದು, ಸ್ನೇಹಿತ" ಎಂದೆ.

"ಯಾವಾಗ?"

ನಾನು ಕಿಟಕಿಯ ಕಡೆಗೆ ತಿರುಗಿದೆ.