ಸೌಟು ಇದ್ದವರಿಗೇ ಸ್ವಿಚ್ಚು

ನಮ್ಮತ್ತೆ ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನಾ ಇನ್ನೂರು ಜನಕ್ಕೆ ಬೇಯಿಸಿ ಹಾಕಿದವರು. ಯಾವ ಮಂಚಕ್ಕೆ ಉಪ್ಪಿಲ್ಲದ ಊಟ, ಯಾವುದಕ್ಕೆ ಸಕ್ಕರೆಯಿಲ್ಲದ ಹಾಲು ಅನ್ನೋದನ್ನ ಚೀಟಿ ನೋಡದೆ ಹೇಳ್ತಿದ್ದರಂತೆ. ಅಂಥವರ ತಲೆಯನ್ನೇ ನಾನು ಅನುಮಾನಿಸಿದೆ. ಬೈಯೋದಿದ್ದರೆ ಪೂರ್ತಿ ಕೇಳಿ ಆಮೇಲೆ ಬೈಯಿರಿ.

ನಮ್ಮದು ಅರ್ಧ ಅಡುಗೆಮನೆ. ಮಾವ ಮತ್ತು ಅವರ ತಮ್ಮ ಪಾಲಾದಾಗ ಅಡುಗೆಮನೆಯ ನಟ್ಟನಡುವೆ ಗೋಡೆ ಎಬ್ಬಿಸಿದರು. ಕಿಟಕಿ ಆ ಕಡೆ ಹೋಯ್ತು, ಕಪಾಟು ಈ ಕಡೆ ಉಳೀತು. ಆ ಕಿಟಕಿಗೋಸ್ಕರ ಅತ್ತೆಗೂ ಅವರ ಓರಗಿತ್ತಿಗೂ, ಅಂದರೆ ನಮ್ಮ ಚಿಕ್ಕತ್ತೆಗೂ, ಮಾತು ಬಿಟ್ಟು ಹನ್ನೆರಡು ವರ್ಷ. ಗೋಡೆಯಾಚೆ ಅವರು ಸೀನಿದರೂ ಇಲ್ಲಿಗೆ ಕೇಳುತ್ತೆ, ಆದರೂ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಲ್ಲ.

ಈ ಅರ್ಧ ಅಡುಗೆಮನೆಗೆ ಇರೋದು ಒಂದೇ ಕರೆಂಟ್ ಲೈನು. ಫ್ರಿಜ್ಜು, ಮಿಕ್ಸಿ, ಕೆಟಲ್, ಓವನ್ ಎಲ್ಲದಕ್ಕೂ ಅದೇ ಗತಿ. ಬಿಸಿ ಮಾಡೋ ಎರಡು ಸಾಮಾನು ಒಟ್ಟಿಗೆ ಹಾಕಿದರೆ ನಡುಮನೆಯ ಬೋರ್ಡಿನಲ್ಲಿ ಸ್ವಿಚ್ ಟಕ್ ಅಂತ ಬೀಳುತ್ತೆ. ಅದಕ್ಕೇ ಅತ್ತೆ ಕಾಯಿದೆ ಮಾಡಿದ್ದರು. ಬೋರ್ಡಿನ ಪಕ್ಕದ ಮೊಳೆಯಲ್ಲಿ ಒಂದು ಮರದ ಸೌಟು. ಏನಾದರೂ ಬಿಸಿ ಮಾಡಬೇಕು ಅನ್ನೋರು ಸೌಟನ್ನ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು ಸೌಟು ವಾಪಸ್ ತೂಗು ಹಾಕಬೇಕು. ಮೊಳೆ ಖಾಲಿ ಇದ್ದರೆ ಸುಮ್ಮನೆ ಕಾಯಬೇಕು. ನನ್ನ ಗಂಡ ಒಂದು ಲೋಟ ಬಿಸಿನೀರಿಗೂ ಸೌಟು ಸಿಕ್ಕಿಸಿಕೊಂಡು ಪೊಲೀಸಿನವರ ಥರ ನಿಲ್ಲೋದು ನೋಡಿದರೆ ನನಗೆ ನಗು ತಡೆಯೋಕಾಗ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಆ ಸ್ವಿಚ್ ಬೀಳಲಿಲ್ಲ.

ಎರಡು ತಿಂಗಳ ಹಿಂದೆ ಬೀಳೋಕೆ ಶುರುವಾಯ್ತು. ಬೆಳಿಗ್ಗೆ ಏಳೂವರೆ ಅಷ್ಟೊತ್ತಿಗೆ, ಅತ್ತೆ ಓವನ್ ಹಾಕಿದ ಒಂದೆರಡು ನಿಮಿಷಕ್ಕೆ, ಟಕ್. ಕೆಲವು ದಿನ ಏನೂ ಇಲ್ಲ, ಕೆಲವು ದಿನ ಎರಡೆರಡು ಸಲ. ಓವನ್ ಬದಲು ಕೆಟಲ್ ಹಾಕಿ ನೋಡಿದರು, ಆಗಲೂ ಬಿತ್ತು. ಫ್ರಿಜ್ಜಿನ ಪ್ಲಗ್ ಕಿತ್ತು ನೋಡಿದರು, ಬಿತ್ತು. ನಮಗೆ ತಲೆಬುಡ ಅರ್ಥವಾಗಲಿಲ್ಲ. ಸ್ವಿಚ್ ಬಿದ್ದ ಮೇಲೆ ಎಲ್ಲ ಸಾಮಾನಿನ ದೀಪಾನೂ ಆರಿರುತ್ತೆ, ಯಾವುದು ಉರೀತಿತ್ತು ಅಂತ ಯಾರಿಗೆ ಗೊತ್ತಾಗಬೇಕು? ಅತ್ತೆ ಒಂದೇ ಹಾಕಿದ್ದೆ ಅಂತಿದ್ದರು. ಇವರು, ಅಮ್ಮ ಎರಡು ಹಾಕಿ ಮರೀತಾಳೆ ಅಂದರು. ನಾನು ಹೂಂಗುಟ್ಟಿದೆ.

ಅತ್ತೆಯ ತಾಯಿ ಕೊನೆಗಾಲದಲ್ಲಿ ಸ್ವಂತ ಮಗಳನ್ನೇ ಗುರುತು ಹಿಡೀತಿರಲಿಲ್ಲ. ಆ ಭಯ ಅತ್ತೆಯ ಹೊಟ್ಟೆಯೊಳಗೆ ಎಷ್ಟಿತ್ತು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ, ಆಫೀಸಿಗೆ ಹೊತ್ತಾಗಿದ್ದ ಸಿಟ್ಟಿನಲ್ಲಿ, ಅಂದುಬಿಟ್ಟೆ:

"ಅತ್ತೆ, ಇನ್ಮೇಲೆ ನೀವು ಸ್ವಿಚ್ ಮುಟ್ಟಬೇಡಿ."

ಅತ್ತೆ ನನ್ನನ್ನ ನೋಡಿದರು, ತಮ್ಮ ಕೈಯನ್ನ ನೋಡಿಕೊಂಡರು. ಸೊಂಟದಿಂದ ಸೌಟು ಕಿತ್ತು ನನಗೆ ಕೊಟ್ಟು ಹಿತ್ತಲಿಗೆ ಹೋದರು. ಅವತ್ತಿಂದ ಅವರು ತಣ್ಣಗಿನ ಹಾಲೇ ಕುಡಿದರು.

ಮಾರನೇ ದಿನ ಗುರುವಾರ. ಸೌಟು ನನ್ನ ಸೊಂಟದಲ್ಲಿ, ಕೆಟಲ್ ಒಂದೇ ಉರೀತಿತ್ತು, ಅತ್ತೆ ಹಿತ್ತಲಲ್ಲಿ ಬಟ್ಟೆ ಹಿಂಡ್ತಿದ್ದರು. ಟಕ್. ಸುತ್ತ ನೋಡಿದೆ, ಯಾರೂ ಇಲ್ಲ. ಮೆಲ್ಲಗೆ ಹೋಗಿ ಸ್ವಿಚ್ ಎತ್ತಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಯಾಕೆ ಅಂತ ಕೇಳಿದರೆ ಇವತ್ತಿಗೂ ನನಗೆ ತಿಳಿಯದು. ಹೇಳಿದರೆ ನಾನಾಡಿದ್ದನ್ನ ನಾನೇ ನುಂಗಬೇಕಾಗಿತ್ತಲ್ಲ, ಅದಕ್ಕೇ ಇರಬೇಕು.

ಆದರೆ ಶುಕ್ರವಾರ ಬಿತ್ತು, ಶನಿವಾರಾನೂ ಬಿತ್ತು. ಭಾನುವಾರ ನಾನೇ ಹಟ ಹಿಡಿದು ವೈರಿಂಗಿನವರನ್ನ ಕರೆಸಿದೆ. ಬೆಳ್ಳಗಿನ ಮೀಸೆಯ ಮುದುಕ. ಸ್ವಿಚ್ ತೆಗೆದು ದೊಡ್ಡದು ಹಾಕಿಬಿಡಿ, ಬೀಳೋದೇ ಬೇಡ ಅಂತ ನನ್ನ ಗಂಡ ಸಲಹೆ ಕೊಟ್ಟರು. ಮುದುಕ ಕೆಂಡಾಮಂಡಲವಾದರು. ವೈರು ಅದೇ ಸಣ್ಣದು, ಸ್ವಿಚ್ ಬೀಳದಿದ್ದರೆ ಗೋಡೆಯೊಳಗೆ ವೈರೇ ಸುಟ್ಟು ಹೋಗುತ್ತೆ, ಅದು ಬೀಳ್ತಿರೋದಕ್ಕೇ ನೀವೆಲ್ಲ ಬದುಕಿದ್ದೀರಿ ಅಂತ ಗದರಿದರು. ಆಮೇಲೆ ನಮ್ಮ ಪ್ಲಗ್ಗುಗಳನ್ನೆಲ್ಲ ಕಿತ್ತು ಹಾಕಿ, ಬೋರ್ಡಿನ ಸ್ವಿಚ್ಚನ್ನ ಕೆಳಗೆ ಎಳೆದರು.

ಗೋಡೆಯಾಚೆಯಿಂದ ಚಿಕ್ಕತ್ತೆಯ ದನಿ ಬಂತು. "ಥೂ, ಈ ದರಿದ್ರ ಒಲೆ ಮತ್ತೆ ಹೋಯ್ತು!"

ಅಷ್ಟೇ ಕಥೆ. ಗೋಡೆ ಎಬ್ಬಿಸಿದಾಗ ಜಾಗ ಪಾಲಾಯ್ತು, ಪಾತ್ರೆ ಪಾಲಾಯ್ತು, ಆ ಕಡೆಯ ಒಂದು ಪ್ಲಗ್ ಪಾಯಿಂಟು ನಮ್ಮ ಲೈನಿನಲ್ಲೇ ಉಳಿದುಬಿಟ್ಟಿತ್ತು. ಇಷ್ಟು ವರ್ಷ ಚಿಕ್ಕತ್ತೆ ಅದಕ್ಕೆ ಬರೀ ಮಿಕ್ಸಿ ಹಾಕ್ತಿದ್ದರು. ಎರಡು ತಿಂಗಳಿಂದ ಹೊಸ ಕರೆಂಟ್ ಒಲೆ. ಪಾಪ, ಒಲೆಯೇ ಕೆಟ್ಟಿದೆ ಅಂತ ಎರಡು ಸಲ ಅಂಗಡಿಗೆ ಹೊತ್ತುಕೊಂಡು ಹೋಗಿದ್ದರಂತೆ. ಲೈನ್ ಬೇರೆ ಮಾಡೋಕೆ ನಾಳೆ ಬರ್ತೀನಿ, ಅಲ್ಲಿವರೆಗೆ ಎರಡೂ ಮನೆಯವರು ಒಟ್ಟಿಗೆ ಹಾಕಬೇಡಿ ಅಂತ ಹೇಳಿ ಮುದುಕ ಹೊರಟರು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನಿನ್ನ ಕೈಯಲ್ಲೂ ಬಿದ್ದಿತ್ತಾ?" ಅಂದರು.

"ಹೂಂ ಅತ್ತೆ. ಗುರುವಾರ."

ಅವರು ಬೆರಳು ಮಡಿಚಿ ಎಣಿಸಿದರು. "ನಾಲ್ಕು ದಿನ. ನಾಲ್ಕು ದಿನಾನೂ ಬೆಳಿಗ್ಗೆ ಎದ್ದ ತಕ್ಷಣ ನಿಮ್ಮೆಲ್ಲರ ಹೆಸರು ಹೇಳ್ಕೊಂಡು ನೋಡ್ತಿದ್ದೆ ಕಣೆ, ಮರೆತಿದ್ದೀನಾ ಅಂತ. ನನ್ನ ಕೈ ಒಂದೇ ಹಾಕಿದ್ದು ನನಗೆ ಗೊತ್ತಿತ್ತು. ಆದರೂ ನಿನ್ನ ಮಾತನ್ನೇ ನಂಬಿದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ನನ್ನ ಸೊಂಟದಿಂದ ಸೌಟು ಎಳೆದುಕೊಂಡು ಕೆಟಲ್ಲಿಗೆ ನೀರು ತುಂಬಿಸಿದರು. ಆಮೇಲೆ ಆ ಸೌಟಿನಿಂದ ಗೋಡೆಗೆ ಎರಡು ಸಲ ಬಡಿದರು.

"ಕೇಳಿಸ್ತಾ? ನಾನು ಕೆಟಲ್ ಹಾಕ್ತಿದ್ದೀನಿ. ಒಲೆ ಆರಿಸು."

ಆಚೆ ಕಡೆ ಪ್ಲಗ್ ಕಿತ್ತ ಸದ್ದಾಯ್ತು. ಆಮೇಲೆ ಸಣ್ಣಗೆ, "ಆರಿಸಿದೆ ಅಕ್ಕ" ಅಂತ ಬಂತು.

ಸ್ವಿಚ್ ಬೀಳಲಿಲ್ಲ. ಅತ್ತೆ ಟೀ ಮಾಡಿ ಒಂದು ಲೋಟ ಗೋಡೆಯಾಚೆಗೆ ಕಳಿಸಿದರು, ಒಂದು ನನ್ನ ಮುಂದಿಟ್ಟರು. ನನ್ನ ಹತ್ತಿರ ಮಾತ್ರ ಅವತ್ತು ಸಂಜೆವರೆಗೂ ಮಾತಾಡಲಿಲ್ಲ.